ಇಲಿಯ ಹೀಟಿಂಗ್ ಪ್ಯಾಡ್

"ಇಲಿ ಹಾಸಿಗೇನೂ ಬಿಡ್ಲಿಲ್ವಲ್ಲೋ, ಕಳ್ಳ ನನ್ಮಗನೆ!"

ಪ್ರೊಫೆಸರರು ಹೀಗೆ ಕೂಗಿದಾಗ ಲ್ಯಾಬಿನ ತುಂಬ ವಿದ್ಯಾರ್ಥಿಗಳಿದ್ದರು. ಒಬ್ಬಿಬ್ಬರು ಕಿಸಕ್ಕೆಂದರು. ಇಲಿಗಳನ್ನು ನೋಡಿಕೊಳ್ಳುವ ಹೊನ್ನಪ್ಪ ಮಾತ್ರ, ಬೈಗುಳ ಬೇರೆ ಯಾರಿಗೋ ಬೀಳುತ್ತಿದೆ ಎಂಬಂತೆ, ಚೀಲದಿಂದ, ಇಲಿಯ ಕೆಳಗೆ ಹಾಸಿ ಬೆಚ್ಚಗಿಡುವ ಹೀಟಿಂಗ್ ಪ್ಯಾಡ್ ತೆಗೆದು ಮೇಜಿನ ಮೇಲಿಟ್ಟ.

ಪ್ರೊಫೆಸರರ ಕೂಗಾಟ ನಿಲ್ಲಲಿಲ್ಲ. "ಮತ್ತಿನ ಇಂಜೆಕ್ಷನ್ ಕೊಟ್ಟ ಇಲಿಗೆ ನಡುಗೋಕೂ ಆಗಲ್ಲ, ಮೈ ಹಾಗೇ ತಣ್ಣಗಾಗ್ತಾ ಹೋಗುತ್ತೆ ಅಂತ ನಿನಗೆ ಗೊತ್ತಿಲ್ವಾ? ಈ ಪ್ಯಾಡ್ ಇಲ್ದೆ ನಿನ್ನೆ ಇಲಿ ಸತ್ತೇಹೋಯ್ತು. ಪ್ರಯೋಗ ಪೂರ್ತಿ ಹಾಳು!"

"ಗೊತ್ತು ಸರ್."

"ಗೊತ್ತಿದ್ದೂ ಮನೆಗೆ ಹೊತ್ಕೊಂಡು ಹೋದ್ಯಾ?"

ಹಿಂದೆ ನಿಂತಿದ್ದ ಇನ್ನೊಬ್ಬ ಅಧ್ಯಾಪಕಿಗೆ ತಡೆಯಲಾಗಲಿಲ್ಲ.

"ಸರ್, ಅವನ ಹೆಂಡ್ತಿಗೆ ದಿನ ತುಂಬೋಕೆ ಮುಂಚೇನೇ ಹೆರಿಗೆ ಆಯ್ತಂತೆ. ಅಂಗೈಯಷ್ಟು ಮಗು. ಬೆಚ್ಚಗಿಡೋ ಪೆಟ್ಟಿಗೆ ಖಾಲಿ ಇಲ್ಲ ಅಂತ ಆಸ್ಪತ್ರೆಯವ್ರು ಮನೆಗೆ ಕಳಿಸಿಬಿಟ್ರಂತೆ. ಮಗು ತಣ್ಣಗಿದೆ, ಆದ್ರೆ ನಡುಗ್ತಾನೇ ಇಲ್ಲ ಅಂತ ಹೆದರಿ ತಗೊಂಡು ಹೋಗಿದಾನೆ."

ಕಿಸಕ್ಕೆಂದವರು ನೆಲ ನೋಡಿದರು. ಪ್ರೊಫೆಸರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ದನಿ ಇಳಿದಿತ್ತು.

"ಮೊದಲೇ ಹೇಳ್ಬಾರ್ದೇನಯ್ಯಾ?" ಎನ್ನುತ್ತ ಪ್ಯಾಡನ್ನು ಅವನತ್ತ ಸರಿಸಿದರು. "ತಗೊಂಡು ಹೋಗು. ಇಲಿ ಕೆಲಸ ಆಮೇಲೆ ನೋಡೋಣ. ಮಗು ಗಟ್ಟಿಯಾಗೋವರೆಗೂ ನಿನ್ನ ಹತ್ರಾನೇ ಇರ್ಲಿ."

ಹೊನ್ನಪ್ಪ ಪ್ಯಾಡಿನ ವೈರನ್ನು ನೀಟಾಗಿ ಸುತ್ತಿದ. ಅದನ್ನು ಮೇಜಿನ ಮೇಲೆಯೇ ಬಿಟ್ಟು, ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, "ಇನ್ನು ಇದು ಬೇಕಾಗಿಲ್ಲ ಸರ್" ಎಂದು ಹೊರಟುಹೋದ.