ಗೆರೆಗಳ ಒಡೆಯ

ಯಾಮಿನಿ ಪೆನ್‌ಡ್ರೈವನ್ನು ಸ್ಟುಡಿಯೋ ಮೇಜಿನ ಮೇಲಿಟ್ಟಾಗ ಗೆಳತಿ ಗೌತಮಿ ಅವಳ ಮೊಣಕೈ ಚಿವುಟಿದಳು. ಯಾಮಿನಿ ಕೈ ಹಿಂದೆಗೆಯಲಿಲ್ಲ.

"ಒಂದೇ ಫೋಟೋ ಸರ್. ದೊಡ್ಡ ಪ್ರಿಂಟ್ ಹಾಕ್ಕೊಡಿ."

ಸ್ಟುಡಿಯೋ ಮಾಲೀಕ ಮುರಳಿಮೋಹನ್ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದ. ಅವನ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಆಮೇಲೆ ಬೇಕೆಂದೇ ಆಕಳಿಸಿದ. "ಪರವಾಗಿಲ್ಲ ಕಣಮ್ಮ. ಕಾಂಪಿಟೇಷನ್‌ಗೆಲ್ಲ ಆಗಲ್ಲ. ಮನೇಲಿ ತೂಗಾಕ್ಕೋ."

"ಕಾಂಪಿಟೇಷನ್‌ಗೆ ಕಳಿಸಲ್ಲ ಸರ್."

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಮುಟ್ಟುವವರೆಗೂ ಗೌತಮಿ ತಡೆದುಕೊಂಡಳು. "ತಲೆ ಕೆಟ್ಟಿದೆಯೇನೇ? ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಬಂದ್ಯಲ್ಲೇ!"

"ಕದೀಲಿ ಅಂತಾನೇ ಕೊಟ್ಟೆ."

ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಯಾಮಿನಿಗೆ ಜನರ ಮುಖಕ್ಕಿಂತ ಗೆರೆಗಳೊಡನೆ ಸಲೀಸು. ಅಂಗಡಿ ಷಟರಿನ ಮಡಿಕೆ, ಹಿಪ್ಪುನೇರಳೆಯ ಸಾಲು, ಒಣಹಾಕಿದ ಸೀರೆಯ ನೆರಿಗೆ, ಎಲ್ಲ ಅವಳ ಮೊಬೈಲಿನಲ್ಲಿದ್ದವು. ಹೋದ ವರ್ಷ ಗೌರಿಬಿದನೂರು ಸ್ಟೇಷನ್ನಿನಲ್ಲಿ ಹಳಿಗಳ ಮೇಲೆ ಮೇಲ್ಸೇತುವೆಯ ಕಂಬಿಗಳ ನೆರಳು ಬಿದ್ದು ಏಣಿಯಂತಾದದ್ದನ್ನು ಹಿಡಿದಿದ್ದಳು. ಪ್ರಿಂಟಿಗೆಂದು ಕೊಟ್ಟ ಆ ಚಿತ್ರ ಚಿಕ್ಕಬಳ್ಳಾಪುರದ ಸ್ಪರ್ಧೆಯಲ್ಲಿ ಮುರಳಿಮೋಹನನ ಹೆಸರಿಗೆ ಮೊದಲ ಬಹುಮಾನ ತಂದಿತು. ಕೇಳಲು ಹೋದರೆ ಸ್ಟುಡಿಯೋದಲ್ಲಿ ಕೂತವರ ಎದುರೇ ನಕ್ಕಿದ್ದ. "ನಿಂಗೆ ನೆಟ್ಟಗೆ ಮಾತೇ ಬರಲ್ಲ, ಫೋಟೋ ಎಲ್ಲಿಂದ ಬರುತ್ತಮ್ಮ?" ಕೂತವರೂ ನಕ್ಕಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ತಲೆ ಬಾಚಿಕೊಳ್ಳುತ್ತಿದ್ದವನು ಕನ್ನಡಿಯಲ್ಲೇ ನಕ್ಕಿದ್ದ.

ಈ ವರ್ಷದ ಸ್ಪರ್ಧೆಯ ವಿಷಯ 'ನಮ್ಮ ಸುತ್ತಲಿನ ಗೆರೆಗಳು'. ಅದು ಪ್ರಕಟವಾಗುವ ಹೊತ್ತಿಗೆ ಯಾಮಿನಿಗೆ ಊಟ ಸೇರುತ್ತಿರಲಿಲ್ಲ. ಹಿತ್ತಿಲ ಬೀದಿಯನ್ನು ಮಾತ್ರ ತಪ್ಪಿಸಿ, ಊರೆಲ್ಲ ಸುತ್ತಿ ಮನೆಗೆ ಬರುತ್ತಿದ್ದಳು.

"ಆ ಫೋಟೋ ವಿಷ್ಯ ಮನಸ್ಸಿಗೆ ಹಚ್ಕೊಂಡಿದೀಯೇನೇ?" ಎಂದು ಅಮ್ಮ ಕೇಳಿದರು.

"ಹೂಂ" ಎಂದಳು.

ಈ ಸಲ ಸ್ಟುಡಿಯೋಗೆ ಕೊಟ್ಟದ್ದರ ಮೂಲ ಚಿತ್ರ ತಾರೀಕು ಸಮೇತ ಅವಳ ಫೋನಿನಲ್ಲೇ ಇತ್ತು. ಅದು ತಿಳಿದ ಮೇಲೆ ಗೌತಮಿ ಕುಣಿದಳು. "ಸ್ಟೇಜ್ ಮೇಲೇ ಅವನ ಮಾನ ಹರಾಜು ಹಾಕ್ತೀಯ ಅನ್ನು!" ಯಾಮಿನಿ ಫೋನನ್ನು ಕೈಚೀಲದೊಳಗಿಟ್ಟಳು.

ಬಹುಮಾನಿತರ ಪಟ್ಟಿಯಲ್ಲಿ ಈ ಸಲವೂ ಮುರಳಿಮೋಹನನ ಹೆಸರು ಬಂತು. ಬಹುಮಾನದ ದಿನ ಬಸ್ಸಿಗೆ ಮೂವರು ಹತ್ತಿದರು. ಮೂರನೆಯವಳು ಹಿತ್ತಿಲ ಬೀದಿಯ ಓಬಳಮ್ಮ. ರೇಷ್ಮೆ ಬೆಳೆ ಕೈಕೊಟ್ಟಂದಿನಿಂದ ಮುದುಕಿ ಹೊಸ್ತಿಲು ದಾಟಿರಲಿಲ್ಲ.

"ಅಜ್ಜಿ ಯಾಕೇ?" ಗೌತಮಿ ಪಿಸುಗುಟ್ಟಿದಳು.

"ಪಾಪ, ಮೂಲೇಲಿ ಕೂತು ಕೊರಗ್ತಿದಾರೆ. ನಾಕು ಜನರನ್ನ ನೋಡಲಿ."

"ಫೋಟೋ ನೋಡಕ್ಕೆ ಚಿಕ್ಕಬಳ್ಳಾಪುರದ ಗಂಟ ಹೋಗ್ಬೇಕಾ ತಾಯಿ?" ಓಬಳಮ್ಮ ಸೀಟಿಗೆ ಒರಗಿದಳು. "ನನ್ನ ಆಧಾರ್ ಕಾರ್ಡಲ್ಲೇ ಐತಲ್ಲ ಒಂದು, ದೆವ್ವದಂಗೆ!"

ಸಭಾಂಗಣ ತುಂಬಿತ್ತು. ಮೊದಲ ಬಹುಮಾನಕ್ಕೆ ಮುರಳಿಮೋಹನನ ಹೆಸರು ಕೂಗಿದರು. ಪರದೆಯ ಮೇಲೆ ಚಿತ್ರ ಮೂಡಿತು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಸುರುಳಿಯೊಳಗೆ ಸುರುಳಿ. ಪಕ್ಕದಿಂದ ಬಿದ್ದ ಬಿಸಿಲಿಗೆ ಒಂದೊಂದು ಬಿದಿರ ಪಟ್ಟಿಯೂ ಬಂಗಾರದ ಗೆರೆಯಾಗಿತ್ತು. ಒಂದು ಬದಿಗೆ, ಮೇಲಕ್ಕೆತ್ತಿ ಕಟ್ಟಿದ, ಕೆಂಪು ಸೀರೆಯಂಚು ಹೊಲಿದ ಕಿಟಕಿಯ ಬಲೆ.

ಮೂರನೇ ಸಾಲಿನಲ್ಲಿ ಯಾಮಿನಿಯನ್ನು ಕಂಡು ಮುರಳಿಮೋಹನನ ನಗು ಸಣ್ಣಗಾಯಿತು.

"ಈಗ ತೆಗಿಯೇ ಫೋನು!" ಗೌತಮಿ ಅವಳ ತೋಳು ಹಿಡಿದಳು.

ಯಾಮಿನಿ ಎದ್ದು ನಿಂತಳು. ಧ್ವನಿ ನಡುಗಿತು. "ಸರ್, ನೀವೇ ತೆಗೆದಿದ್ದಾ? ಅಷ್ಟು ಬೆಳಕು ಹೇಗೆ ಬಂತು?"

ಅವನು ಕಾದಿದ್ದ ಪ್ರಶ್ನೆ ಇದಲ್ಲ. ಉಸಿರು ಬಿಟ್ಟು ಮೈಕಿಗೆ ಬಾಗಿದ.

"ನಾನಲ್ದೆ ಇನ್ಯಾರಮ್ಮ? ಹುಳುಮನೇಲಿ ಯಾರೂ ಇರ್ಲಿಲ್ಲ, ಒಳಗೆಲ್ಲ ಮಬ್ಬು. ಕಿಟಕಿ ಬಲೆ ನಾನೇ ಎತ್ತಿ ಕಟ್ಟಿದೆ. ಅರ್ಧ ಗಂಟೆ ಕಾದೆ. ಬೆಳಕು ಸುಮ್ನೆ ಬರಲ್ಲ, ನಾವು ಕರೀಬೇಕು!"

ಚಪ್ಪಾಳೆ ಬಿತ್ತು. ಆದರೆ ಅರ್ಧ ಸಭೆ ಕೈ ತಟ್ಟಲಿಲ್ಲ. ಅವರೆಲ್ಲ ರೇಷ್ಮೆ ಹುಳು ಸಾಕುವವರು. ಗೌರಿಬಿದನೂರಿನ ಪೇಟೆಯಿಂದ ಬಂದು ಸ್ಟುಡಿಯೋ ಹಾಕಿದವನಿಗೆ ಆ ಬಲೆ ಏಕಿರುತ್ತದೆಂದು ಗೊತ್ತಿರಲಿಲ್ಲ.

"ಅಯ್ಯೋ ದೇವುಡಾ!" ಓಬಳಮ್ಮ ಕುರ್ಚಿ ಹಿಡಿದು ಎದ್ದಳು. "ಅದು ನನ್ನ ಚಂದ್ರಿಕೆ! ಬಲೆಗೆ ಆ ಕೆಂಪು ಸೀರೆ ಅಂಚು ಹಾಕಿ ಹೊಲ್ದಿರೋಳು ನಾನು! ಬಲೆ ಎತ್ತಿ ಹಂಗೇ ಬಿಟ್ಟೋದೋನು ನೀನೇನೋ? ಊಜಿ ನೊಣ ನುಗ್ಗಿ ಹುಳದ ಮೇಲೆ ಮೊಟ್ಟೆ ಇಟ್ಟು, ಇದ್ದಬದ್ದ ಗೂಡೆಲ್ಲ ತೂತಾಗೋಯ್ತಲ್ಲೋ! ಸೊಸೆ ಮುನಿಲಕ್ಷ್ಮೀನೇ ಬಿಟ್ಟಿರ್ತಾಳೆ ಅಂತ ಬಾಯಿಗೆ ಬಂದಂಗೆ ಅಂದು ತೌರಿಗೆ ಅಟ್ಟಿಬಿಟ್ನಲ್ಲೋ ಪಾಪಿ!"

ಕುರ್ಚಿಗಳು ಸರಿದ ಸದ್ದು. ನಾಲ್ಕಾರು ಜನ ಆಗಲೇ ವೇದಿಕೆಯ ಮೆಟ್ಟಿಲ ಬಳಿ ಇದ್ದರು. ಮುರಳಿಮೋಹನ್ ಮೈಕನ್ನು ಬಾಯಿಗೆ ಎಳೆದುಕೊಂಡ.

"ನಾನಲ್ಲ! ಆ ಫೋಟೋ ನಂದಲ್ಲ, ಆ ಹುಡುಗೀದು! ಯಾಮಿನಿ, ಹೇಳಮ್ಮ, ನೀನೇ ತೆಗ್ದಿದ್ದು ಅಂತ ಹೇಳು! ಕೈ ಮುಗೀತೀನಿ!"

ಒಂದು ವರ್ಷ ಯಾಮಿನಿ ಕೇಳಬೇಕೆಂದು ಹಂಬಲಿಸಿದ ಮಾತು. ಅದೂ ಮೈಕಿನಲ್ಲಿ. ಸಭೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು.

"ನಿಂದಾ ತಾಯಿ?" ಓಬಳಮ್ಮ ಕೇಳಿದಳು.

"ಬಹುಮಾನ ಬಂದಿರೋದು ಅವರಿಗೆ ಅಜ್ಜಿ. ನನ್ನದು ಹೇಗಾಗುತ್ತೆ?" ಈ ಸಲ ಅವಳ ಧ್ವನಿ ನಡುಗಲಿಲ್ಲ.

ಅವಳ ತೋಳು ಹಿಡಿದಿದ್ದ ಗೌತಮಿಯ ಕೈ ಮೆಲ್ಲನೆ ಸಡಿಲವಾಗಿ ಜಾರಿತು.

ಯಾಮಿನಿ ಕೂತಳು, ಕೈಚೀಲದೊಳಗೇ ಫೋನು ತೆರೆದಳು, ಆ ಮಧ್ಯಾಹ್ನ ಓಬಳಮ್ಮನ ಕಿಟಕಿಯ ಬಲೆ ಎತ್ತಿ ಕಟ್ಟಿದ್ದ ಅದೇ ಬೆರಳಿನಿಂದ ಮೂಲ ಚಿತ್ರವನ್ನು ಅಳಿಸಿಹಾಕಿದಳು.