ಶುಕ್ರವಾರದ ಹರಿವಾಣ

ಊಟಕ್ಕೆ ಕೂರುವ ಮುಂಚೆ ಇದನ್ನೊಮ್ಮೆ ಓದಿಬಿಡಿ... ಓದಿದ ಮೇಲೆ ಒಬ್ಬರೇ ಉಣ್ಣಲು ಮನಸ್ಸಾಗದಿದ್ದರೆ ನನ್ನನ್ನು ಬೈಯಬೇಡಿ.

ಗದಗ-ಬೆಟಗೇರಿಯಲ್ಲಿ ಗುರುಶಾಂತಪ್ಪ ಅಂತ ಒಬ್ಬರಿದ್ದಾರೆ. ಎಣ್ಣೆ ತೆಗೆಯುವ ಸಣ್ಣ ಗಾಣದ ಮಷೀನ್ ತಯಾರಿಸುತ್ತಾರೆ. ಹನ್ನೆರಡು ಜನ ಕೆಲಸಗಾರರು.

ಎರಡು ವರ್ಷದಿಂದ ಇಲ್ಲಿ ಆರ್ಡರ್ ಇಲ್ಲ. ಹೊರದೇಶಕ್ಕಾದರೂ ಮಷೀನ್ ಹೋಗದಿದ್ದರೆ ವರ್ಕ್‌ಶಾಪಿಗೆ ಬೀಗವೇ ಗತಿ ಎನ್ನುವಂತಾಗಿತ್ತು.

ಆಗ ಗೊತ್ತಾಗಿದ್ದು ಉತ್ತರ ಆಫ್ರಿಕಾದ ಮೊರಾಕೊ ದೇಶ... ಅಲ್ಲಿನ ಒಂದು ಹಳ್ಳಿಯಲ್ಲಿ ನಲವತ್ತು ಹೆಂಗಸರ ಸಂಘ. ಅರ್ಗಾನ್ ಎಂಬ ಕಾಯಿಯ ಬೀಜದಿಂದ ಎಣ್ಣೆ ತೆಗೆದು ಮಾರುತ್ತಾರೆ. ಅವರಿಗೆ ಮಷೀನ್ ಬೇಕಿತ್ತು.

ಗುರುಶಾಂತಪ್ಪನವರು ಆರು ತಿಂಗಳು ತಯಾರಿ ಮಾಡಿದರು. ಅಲ್ಲಿ ಫ್ರೆಂಚ್ ನಡೆಯುತ್ತದೆ ಅಂತ ಯಾರೋ ಅಂದರು, ಫ್ರೆಂಚ್ ಕ್ಯಾಟಲಾಗ್ ಮಾಡಿಸಿದರು. ಅರಬ್ಬಿಯೂ ಬೇಕು ಅಂದರು, ಅದನ್ನೂ ಮಾಡಿಸಿದರು.

"ಎರಡೂ ಭಾಷಾ ಅದಾವು, ಇನ್ನೇನ್ ಬೇಕು?" ಅಂತ ಎದೆಯುಬ್ಬಿಸಿ ವಿಮಾನ ಹತ್ತಿದರು.

ಹಳ್ಳಿ ತಲುಪಿದ್ದು ಒಂದು ಶುಕ್ರವಾರ ಮಧ್ಯಾಹ್ನ. ಜೊತೆಗೆ ಡ್ರೈವರ್ ಲಹ್ಸೆನ್. ಅದೇ ಸೀಮೆಯವನು, ಇಂಗ್ಲಿಷ್ ಬಲ್ಲವನು.

ಸಂಘದ ಹಿರಿಯಳು ಲಲ್ಲಾ ಇಜ್ಜಾ. ಎಪ್ಪತ್ತು ದಾಟಿದ ಅಜ್ಜಿ. ಅವಳ ಮನೆಯಲ್ಲೇ ಹೆಂಗಸರೆಲ್ಲ ಸೇರಿದ್ದರು. ಫ್ರೆಂಚ್ ಕ್ಯಾಟಲಾಗ್ ಕೈಗಿಟ್ಟರು... ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ಅರಬ್ಬಿಯದು ಕೊಟ್ಟರು... ಅದೂ ಪಕ್ಕಕ್ಕೆ ಹೋಯಿತು.

ಲಹ್ಸೆನ್ ಮೆಲ್ಲಗೆ ಹೇಳಿದ. "ಸರ್, ಫ್ರೆಂಚ್ ಆಫೀಸಿನವರಿಗೆ, ಅರಬ್ಬಿ ಸರ್ಕಾರಿ ಕಾಗದಕ್ಕೆ. ಇವರು ಮಕ್ಕಳನ್ನು ತೂಗೋದು, ಜಗಳ ಆಡೋದು, ಅಳೋದು ಎಲ್ಲಾ ತಶೆಲ್ಹಿತ್ ಭಾಷೆಯಲ್ಲಿ. ಇವರಲ್ಲಿ ಹೆಚ್ಚಿನವರಿಗೆ ಓದೋಕೆ ಬರಲ್ಲ."

ಗುರುಶಾಂತಪ್ಪನವರು ಎರಡೂ ಕ್ಯಾಟಲಾಗ್ ಚೀಲಕ್ಕೆ ಹಾಕಿದರು. ಅಷ್ಟರಲ್ಲಿ ಊಟ ಬಂತು.

ಮಣ್ಣಿನ ದೊಡ್ಡ ಹರಿವಾಣ. ಅದರಲ್ಲಿ ಹಬೆಯಾಡುವ ಕುಸ್‌ಕುಸ್, ನಮ್ಮ ಗೋಧಿ ರವೆಯ ಉಪ್ಪಿಟ್ಟಿನಂಥದು. ಮೇಲೆ ಮೇಕೆಯ ಮಾಂಸ. ಸುತ್ತ ಕೂತವರೆಲ್ಲ ಅದೊಂದರಲ್ಲೇ ಉಣ್ಣಬೇಕು.

ಗುರುಶಾಂತಪ್ಪನವರದೋ ಲಿಂಗಪೂಜೆಯ ಮನೆತನ. ಮೊಟ್ಟೆಯನ್ನೂ ಮುಟ್ಟಿದವರಲ್ಲ.

ಇದ್ದದ್ದು ಇದ್ದಂಗೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಂಕೋಚ ನೋಡಿ... "ನನ್ನ ಊಟ ಆಗಿದೆ" ಅಂತ ಸುಳ್ಳು ಹೇಳಿ ಎದ್ದುಬಿಟ್ಟರು.

ಹೊಟ್ಟೆ ಕೇಳಬೇಕಲ್ಲ? ಕಾರಿನಲ್ಲಿ ಕೂತು ಮನೆಯಿಂದ ತಂದಿದ್ದ ಬುತ್ತಿ ಬಿಚ್ಚಿದರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ.

ತಲೆಯೆತ್ತಿದರೆ ಕಿಟಕಿಯ ಹತ್ತಿರ ಲಲ್ಲಾ ಇಜ್ಜಾ ನಿಂತಿದ್ದಾಳೆ!

ನಾಚಿಕೆಯಿಂದ ಇವರು ಒಂದು ರೊಟ್ಟಿ ಮುಂದೆ ಹಿಡಿದರು. ಅಜ್ಜಿ ಒಂದು ಚೂರು ಮುರಿದು ಚಟ್ನಿ ಹಚ್ಚಿಕೊಂಡು ತಿಂದಳು. ಬುತ್ತಿಯನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋದಳು.

"ಕೆಲಸ ಕೆಟ್ಟಿತು ಸರ್," ಅಂದ ಲಹ್ಸೆನ್ ವಾಪಸ್ ಬರುವಾಗ. "ಶುಕ್ರವಾರದ ಹರಿವಾಣ ಬಿಟ್ಟು ಎದ್ದವರನ್ನು ಈ ಊರಲ್ಲಿ ತಮ್ಮವರು ಅನ್ನೋದಿಲ್ಲ."

ಸಂಜೆ ಹೆಂಡತಿ ಶಿವಲೀಲಾ ಫೋನಿನಲ್ಲೇ ಬೆಂಡೆತ್ತಿದರು. "ಮನಿಗೆ ಬಂದವರು ಉಣ್ಣದ ಎದ್ದು ಹೋದ್ರ ನಮಗ ಹೆಂಗ ಆಕ್ಕೈತ್ರಿ? ಮಾಂಸ ತಿನ್ನಂಗಿಲ್ಲ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಯಾವ ಭಾಷಾದಾಗ ಹೇಳ್ಲಿ?"

"ಕೈ ಮುಗದು ಹೇಳ್ರಿ. ಅದು ಎಲ್ಲಾರಿಗೂ ತಿಳಿತೈತಿ."

ಆ ವಾರವೆಲ್ಲ ಗುರುಶಾಂತಪ್ಪನವರು ಲಹ್ಸೆನ್‌ನಿಂದ ಒಂದೇ ಒಂದು ತಶೆಲ್ಹಿತ್ ಮಾತು ಕಲಿತರು. 'ತಪ್ಪಾಯಿತಮ್ಮಾ, ನಾನು ಮಾಂಸ ತಿನ್ನುವುದಿಲ್ಲ.' ಆರ್ಡರ್ ಆಸೆ ಬಿಟ್ಟಿದ್ದರು... ಕ್ಷಮೆ ಕೇಳಿ ಊರಿಗೆ ಹೋದರೆ ಸಾಕಿತ್ತು.

ಮುಂದಿನ ಶುಕ್ರವಾರ ಅಜ್ಜಿಯಿಂದಲೇ ಕರೆ ಬಂತು.

ಹೋದರು. ಹೊಸ್ತಿಲಲ್ಲೇ ಕೈ ಮುಗಿದು ಆ ಮಾತು ಒಪ್ಪಿಸಿದರು. ಇವರ ಉಚ್ಚಾರಕ್ಕೆ ನಲವತ್ತು ಹೆಂಗಸರೂ ಗೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ಕೈ ಹಿಡಿದು ಕೂರಿಸಿದಳು.

ಹರಿವಾಣ ಬಂತು...

ಕುಂಬಳಕಾಯಿ, ಗಜ್ಜರಿ, ಎಲೆಕೋಸು, ಕಡಲೆಕಾಳು. ಮಾಂಸದ ಒಂದು ಚೂರೂ ಇಲ್ಲ!

ಪಕ್ಕದ ಹರಿವಾಣ ನೋಡಿದರು, ಅದರಲ್ಲೂ ಇಲ್ಲ. ಅದರಾಚೆಯದು... ಅದರಲ್ಲೂ ಇಲ್ಲ. ಆ ದಿನ ಆ ಮನೆಯಲ್ಲಿ ಯಾರಿಗೂ ಮಾಂಸವಿಲ್ಲ.

ಲಹ್ಸೆನ್ ಕಿವಿಯಲ್ಲಿ ಹೇಳಿದ. "ನೀವು ಮಾಂಸ ತಿನ್ನೋದಿಲ್ಲ ಅಂತ ಆವತ್ತು ಬುತ್ತಿ ನೋಡಿದಾಗಲೇ ಗೊತ್ತಾಯ್ತಂತೆ. ಹಳೇ ಪಾತ್ರೆಗೆ ಮಾಂಸದ ವಾಸನೆ ಇರುತ್ತೆ ಅಂತ ಅಜ್ಜಿ ಸಂತೆಯಿಂದ ಹೊಸ ಪಾತ್ರೆ, ಹೊಸ ಹರಿವಾಣ ತರಿಸಿದ್ದಾರೆ ಸರ್."

"ನನಗೊಬ್ಬನಿಗೆ ಬೇರೆ ತಟ್ಟೆ ಮಾಡಿದ್ರೆ ಸಾಕಿತ್ತಲ್ಲಮ್ಮಾ..." ಅಂದರು ಗುರುಶಾಂತಪ್ಪ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು, ಲಹ್ಸೆನ್ ಅಜ್ಜಿಗೆ ತಿಳಿಸಿದ.

ಅಜ್ಜಿ ಹೇಳಿದಳು. "ಆವತ್ತು ನೀನು ಕಾರಿನಲ್ಲಿ ಒಬ್ಬನೇ ಕೂತು ತಿಂತಿದ್ದೆ. ಅದನ್ನು ನೋಡಿ ನನಗೆ ವಾರವೆಲ್ಲ ತುತ್ತು ಇಳಿಯಲಿಲ್ಲ ಮಗನೇ. ಶುಕ್ರವಾರ ಯಾರೂ ಒಬ್ಬರೇ ಉಣ್ಣಬಾರದು."

ಗುರುಶಾಂತಪ್ಪನವರಿಗೆ ದುಃಖ ತಡೆಯಲಾಗಲಿಲ್ಲ. ತುತ್ತು ಕೈಯಲ್ಲಿ ಹಿಡಿದೇ ಅತ್ತುಬಿಟ್ಟರು. ಆರು ತಿಂಗಳು ಇವರು ಆ ಹೆಂಗಸರ ಬಗ್ಗೆ ಓದಿದ್ದರು... ಅಕ್ಷರ ಬಾರದ ಆಕೆ ಒಂದು ಚೂರು ರೊಟ್ಟಿ ತಿಂದು ಇವರನ್ನು ಪೂರ್ತಿ ತಿಳಿದುಕೊಂಡಿದ್ದಳು!

ಊಟವಾದ ಮೇಲೆ ಅಜ್ಜಿಯೇ ಕೇಳಿದಳು. "ಈಗ ನಿನ್ನ ಮಷೀನ್ ಬಗ್ಗೆ ಹೇಳು."

ಮೊದಲು ಎರಡು ಹೋದವು, ಆಮೇಲೆ ಇಪ್ಪತ್ತು. ಆ ಮಷೀನಿನ ಜೊತೆ ಈಗ ಕ್ಯಾಟಲಾಗ್ ಹೋಗುವುದಿಲ್ಲ. ನಡೆಸುವ ವಿಧಾನವನ್ನೆಲ್ಲ ಲಲ್ಲಾ ಇಜ್ಜಾ ತನ್ನ ಭಾಷೆಯಲ್ಲಿ, ತನ್ನ ದನಿಯಲ್ಲಿ ಹೇಳಿದ ರೆಕಾರ್ಡಿಂಗ್ ಹೆಂಗಸರ ಫೋನಿಗೆ ಹೋಗುತ್ತದೆ.

ಬೆಟಗೇರಿಯ ವರ್ಕ್‌ಶಾಪಿಗೆ ಬೀಗ ಬೀಳಲಿಲ್ಲ. ಮೊನ್ನೆ ಶುಕ್ರವಾರ ಅಲ್ಲಿಗೆ ಹೋಗಿದ್ದೆ. ಇಪ್ಪತ್ತು ವರ್ಷ ಕ್ಯಾಬಿನ್ನಿನಲ್ಲಿ ಒಬ್ಬರೇ ಉಣ್ಣುತ್ತಿದ್ದ ಮಾಲೀಕರು ನೆಲದ ಮೇಲೆ ಕೂತಿದ್ದರು. ಹನ್ನೆರಡು ಜನರ ಬುತ್ತಿಯನ್ನೂ ಒಂದೇ ದೊಡ್ಡ ಪರಾತಕ್ಕೆ ಸುರಿದಿದ್ದರು.

ನನ್ನನ್ನು ನೋಡಿದವರೇ ಸರಿದು ಜಾಗ ಮಾಡಿದರು. "ಬರ್ರಿ, ಕುಂದರ್ರಿ... ಶುಕ್ರವಾರ ಒಬ್ಬರ ಉಣ್ಣಬಾರದಂತ."

ಪರರ ಊರಿನಲ್ಲಿ ಮೊದಲು ಕಲಿಯಬೇಕಾದದ್ದು ಅವರ ಜೊತೆ ಕೂತು ಉಣ್ಣುವುದನ್ನು... ಮಾತು ಆಮೇಲೆ ತಾನಾಗಿ ಬರುತ್ತದೆ.

ನಿಮ್ಮ ಪಕ್ಕದಲ್ಲೇ ದಿನಾ ಒಬ್ಬರೇ ಬುತ್ತಿ ಬಿಚ್ಚುವವರು ಯಾರಿದ್ದಾರೆ... ಅವರನ್ನು ಒಮ್ಮೆಯಾದರೂ ಕರೆದಿದ್ದೀರಾ?