ಅಣ್ಣನ ಮೈಕು

ಸಭಾಂಗಣದ ಹಿಂದಿನ ಮೇಜಿನ ಕೆಳಗೆ ಅಣ್ಣನ ಹೆಬ್ಬೆರಳು ವೈರ್‌ಲೆಸ್ ಮೈಕಿನ ಗುಂಡಿಯ ಮೇಲೆ ಕೂತಿತ್ತು. ವೇದಿಕೆಯಲ್ಲಿ ತಂಗಿ ತಾನು ಮಾಡಿದ ರೇಡಿಯೋ ತೋರಿಸುತ್ತಿದ್ದಳು. ಅದು ಕಳಿಸುತ್ತಿದ್ದ ವಿಡಿಯೋ ಪರದೆಯ ಮೇಲೆ ಓಡುತ್ತಿತ್ತು. ಮುಂದಿನ ಸಾಲಿನಲ್ಲಿ ಅಪ್ಪ ಅಕ್ಕಪಕ್ಕದವರಿಗೆಲ್ಲ "ನನ್ನ ಮಗಳು" ಎನ್ನುತ್ತಿದ್ದರು. ವರ್ಷಗಟ್ಟಲೆ ಇದೇ ಸಭಾಂಗಣದಲ್ಲಿ ಮೈಕು ನೋಡಿಕೊಂಡವನನ್ನು ಅವರು ಒಮ್ಮೆಯೂ ಹಾಗೆ ತೋರಿಸಿರಲಿಲ್ಲ.

ಅವಳ ರೇಡಿಯೋ ಓಡುತ್ತಿದ್ದದ್ದು ಅವನ ಮೈಕಿನ ಚಾನೆಲ್‌ನಲ್ಲೇ. ಯಾವುದೆಂದು ಬೆಳಿಗ್ಗೆ ಅವಳೇ ಬಂದು ಕೇಳಿಕೊಂಡು ಹೋಗಿದ್ದಳು. ಮೈಕು ಆನ್ ಆದರೆ ಅದರ ಅಲೆ ಅಡ್ಡ ಬಂದು ವಿಡಿಯೋ ನಿಲ್ಲಲೇಬೇಕು. ಎಲ್ಲರೆದುರು ಅವಳ ಮಾನ ಮೂರು ಕಾಸಾಗಲಿ ಎಂದುಕೊಂಡು ಒತ್ತಿಯೇ ಬಿಟ್ಟ.

ವಿಡಿಯೋ ನಿಲ್ಲಲಿಲ್ಲ. ರೇಡಿಯೋ ಯಾವ ಚಾನೆಲ್ಲಿನಲ್ಲಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದ ಹಸಿರು ಗೆರೆ ಮಾತ್ರ ಪಕ್ಕಕ್ಕೆ ಜಿಗಿಯಿತು. "ನೋಡಿದ್ರಾ? ಈ ಚಾನೆಲ್‌ನ ಯಜಮಾನ ಈಗ ಬಂದ. ಅದು ಗೊತ್ತಾಗಿ ನನ್ನ ರೇಡಿಯೋ ಜಾಗ ಬಿಟ್ಟುಕೊಟ್ಟು, ಖಾಲಿ ಇದ್ದ ಇನ್ನೊಂದು ಚಾನೆಲ್‌ಗೆ ಹೋಯ್ತು," ಎಂದಳು ತಂಗಿ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಳಗಿಳಿದು ಬಂದವಳು ಅವನ ತೋಳು ಹಿಡಿದಳು. "ಸರಿಯಾದ ಹೊತ್ತಿಗೆ ಮೈಕ್ ಆನ್ ಮಾಡೋಕೆ ಯಾರಿಗಾದ್ರೂ ಹೇಳಿಡು ಅಂದಿದ್ರು ಕಣೋ ನಮ್ಮ ಮೇಡಂ. ಹೇಳೋದೇನೂ ಬೇಡ, ನಮ್ಮಣ್ಣ ತಾನಾಗೇ ಒತ್ತುತ್ತಾನೆ ಅಂದೆ."